ಕಂದೀಲು ಆಟದ ಐದನೇ ಭಾಗ

ನನ್ನ ಮದುವೆಯ ಮಾತುಕತೆ ನಡೆದಿದ್ದ ದಿನಗಳಲ್ಲಿ ನನ್ನ ದೊಡ್ಡ ಚಿಂತೆ ಮದುವೆಯದಾಗಿರಲಿಲ್ಲ, ಒಂದು ಬಾಗಿಲಿನದಾಗಿತ್ತು. ಆ ಬಾಗಿಲು ಇದ್ದದ್ದು ಬೆಳಗಾವಿಯ ರವಿವಾರ ಪೇಟೆಯ ಬೆಲ್ಲದ ಅಂಗಡಿಯೊಂದರ ಒಳಕೋಣೆಯಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ. ಮಳೆಗಾಲ ಶುರುವಾಗುವ ಮೊದಲೇ ನಾನು ಅದರ ಮುಂದೆ ಬಂದು ನಿಂತಿದ್ದೆ. ಗಣಪತಿ ಹಬ್ಬ ಮುಗಿದು, ಗಣಪತಿ ನೀರಿನಲ್ಲಿ ಕರಗಿದರೂ ನಾನು ಮಾತ್ರ ಬಾಗಿಲ ಈಚೆಗೇ ಇದ್ದೆ.

ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಜಗತ್ತಿನ ಕಂಪ್ಯೂಟರುಗಳೆಲ್ಲ ಹುಚ್ಚು ಹಿಡಿದು ನಿಲ್ಲುತ್ತವೆ ಎಂದು ಪೇಪರಿನಲ್ಲಿ ಬರೆದಿದ್ದರು. ನಾನು ಅದನ್ನು ನಂಬಿದ್ದೆ. ಕೆಟ್ಟ ಸುದ್ದಿಯನ್ನು ನಂಬುವುದಕ್ಕೆ ನನಗೆ ಯಾವತ್ತೂ ಪುರಾವೆ ಬೇಕಾಗಿಲ್ಲ. ಇಸವಿ ಹುಟ್ಟಿತು, ಏನೂ ಆಗಲಿಲ್ಲ. ನಮ್ಮ ಸಾಹುಕಾರರು ಅದನ್ನೇ ಶುಭ ಶಕುನ ಎಂದು ತಿಳಿದು ಬಿಲ್ಲು ಬರೆಯಲಿಕ್ಕೆ ಒಂದು ಕಂಪ್ಯೂಟರು ತಂದು ಕೂಡಿಸಿದರು. ನಾನು ಆ ಅಂಗಡಿಯಲ್ಲಿ ಬರವಣಿಗೆಯವನು. ಅಜ್ಜ ಕುರಿ ಕಾಯ್ದವರು, ಅಪ್ಪ ರೈಲು ಹಳಿ ಕಾಯ್ದವರು, ನಾನು ಬೆಲ್ಲದ ಪೆಂಟೆ ಕಾಯುತ್ತಿದ್ದೆ. ಕಾಯುವುದು ಮನೆತನದ ಕಸುಬು ಎಂದರೆ ತಪ್ಪಾಗದು.

ಸಾಹುಕಾರರಿಗೆ ಒಂದು ನಂಬಿಕೆ ಇತ್ತು. ಯಂತ್ರ ಎಂದರೆ ಬಾವಿಯ ಪಂಪಿನ ಹಾಗೆ, ಸುಮ್ಮನೆ ಬಿಟ್ಟರೆ ಹಿಡಿದುಕೊಂಡು ಬಿಡುತ್ತದೆ. ಮಧ್ಯಾಹ್ನ ಊಟ ಮಾಡಿ ಅವರು ಅಟ್ಟದ ಮೇಲಿನ ಮನೆಗೆ ಮಲಗಲು ಹೋಗುವಾಗ ಶಟರನ್ನು ಅರ್ಧ ಎಳೆದು ಹೇಳುತ್ತಿದ್ದರು: "ನಾ ಏಳೂತನಾ ಅದನ್ನ ಬಂದ್ ಮಾಡಬ್ಯಾಡೋ. ತಿರಗಲಿ. ಏನರೆ ಮಾಡಕೋತ ಇರು."

ಏನರೆ ಮಾಡಕೋತ ಇರಲಿಕ್ಕೆ ನಾನು ಟಿಳಕವಾಡಿಯ ಸೀಡಿ ಅಂಗಡಿಯಿಂದ ಒಂದು ಆಟ ತಂದೆ. ಅದರ ಇಂಗ್ಲಿಷ್ ಹೆಸರು ಬಾಯಿಗೆ ಬಾರದ್ದರಿಂದ ಅಂಗಡಿಯವನೂ ನಾನೂ ಅದನ್ನು ಕಂದೀಲು ಆಟ ಎನ್ನುತ್ತಿದ್ದೆವು. ಸೂರ್ಯ ಮೂಡುವುದನ್ನೇ ನಿಲ್ಲಿಸಿದ ಒಂದು ಊರಿನಿಂದ ಒಬ್ಬ ಹುಡುಗಿ ಕಂದೀಲು ಹಿಡಿದು ಹೊರಡುತ್ತಾಳೆ. ರಾಜ್ಯದಿಂದ ರಾಜ್ಯಕ್ಕೆ ಹೋಗುತ್ತಾಳೆ, ಪ್ರತಿ ರಾಜ್ಯಕ್ಕೂ ಒಂದು ಅಗಸೆ, ಊರ ಹೆಬ್ಬಾಗಿಲಿನಂಥದು. ಬೆಳಕು ತಿನ್ನುವ ನೆರಳುಗಳು ಮೈಮೇಲೆ ಬರುತ್ತವೆ. ದಾರಿಯಲ್ಲಿ ಎಣ್ಣೆಯ ಕುಪ್ಪಿ, ಬೇರು, ಬೀಗದ ಕೈ ಸಿಕ್ಕುತ್ತವೆ, ಅವನ್ನು ಚೀಲದಲ್ಲಿ ಹಾಕಿಕೊಳ್ಳಬೇಕು. ಒಂದನೇ ಭಾಗ ಕಾಡಿನಲ್ಲಿ, ಎರಡನೆಯದು ಮರುಭೂಮಿಯಲ್ಲಿ, ಮೂರನೆಯದು ಭೂಮಿಯ ಒಳಗೆ, ನಾಲ್ಕನೆಯದು ಹಿಮದ ಮೇಲೆ. ಅಷ್ಟರ ತನಕ ಬಂದಿತ್ತು. ಐದನೆಯದು ಇನ್ನೂ ಬಂದಿರಲಿಲ್ಲ.

ನನ್ನನ್ನು ಕಾಡಿದ್ದು ನೆರಳುಗಳಲ್ಲ. ಪ್ರತಿ ಭಾಗದ ಶುರುವಿಗೂ ಆ ಹುಡುಗಿ ಯಾವುದೋ ದಂಡೆಯ ಮೇಲೆ ಎಚ್ಚರಾಗುತ್ತಿದ್ದಳು, ಕೈಯಲ್ಲಿ ಕಂದೀಲು ಬಿಟ್ಟರೆ ಚೀಲ ಖಾಲಿ. ಹಿಂದಿನ ಭಾಗದಲ್ಲಿ ನಾನು ಮಧ್ಯಾಹ್ನಗಟ್ಟಲೆ ಕೂತು ಕೂಡಿಹಾಕಿದ್ದೆಲ್ಲ ಎಲ್ಲಿ ಹೋಯಿತು? ಯಾರು ಒಯ್ದರು? ಕೇಳುವವರಿಲ್ಲ. ಅದಕ್ಕೇ ನಾಲ್ಕನೇ ಭಾಗದಲ್ಲಿ ನಾನು ಹುಷಾರಾಗಿದ್ದೆ. ಒಂದು ಕುಪ್ಪಿ ಎಣ್ಣೆಯಿಂದ ಆಗುವ ಕೆಲಸವನ್ನು ಅರ್ಧ ಕುಪ್ಪಿಯಲ್ಲಿ ಮುಗಿಸುತ್ತಿದ್ದೆ. ಎಷ್ಟೋ ಕಡೆ ಕತ್ತಲಲ್ಲೇ ತಡಕಾಡಿ ದಾಟಿದೆ. ಕಡೆಯ ಬಾಗಿಲಿಗೆ ಬಂದಾಗ ಆ ಹುಡುಗಿಯ ಚೀಲ ನಮ್ಮ ಅಂಗಡಿಯ ಗೋದಾಮಿನ ಹಾಗೆ ತುಂಬಿತ್ತು. ಅಲ್ಲಿ ಒಂದು ಬರಹ ಮೂಡುತ್ತಿತ್ತು: ಇಲ್ಲಿಂದ ಮುಂದೆ ಹೋದರೆ ಹಿಂದಿರುಗಲಾಗದು. ಹೋಗುವಿರಾ, ಇಲ್ಲವಾ?

ಇಲ್ಲ ಎಂದು ಒತ್ತಿದೆ. ಮರುದಿನವೂ ಇಲ್ಲ ಎಂದೆ. ಮುಂದೆ ಅದೇ ರೂಢಿಯಾಯಿತು. ಊಟದ ಹೊತ್ತಿಗೆ ಬಾಗಿಲ ಮುಂದೆ ಬಂದು ನಿಲ್ಲುವುದು, ಚೀಲ ತೆಗೆದು ಸಾಮಾನನ್ನೆಲ್ಲ ಒಮ್ಮೆ ಕಣ್ತುಂಬ ನೋಡುವುದು, ಇಲ್ಲ ಎನ್ನುವುದು. ಕೀಬೋರ್ಡಿನಲ್ಲಿ ಎನ್ ಗುಂಡಿಯ ಮೇಲಿನ ಅಕ್ಷರ ಅಳಿಸಿಹೋಯಿತು. ವೈ ಗುಂಡಿಯ ಸುತ್ತ ಬೆಲ್ಲದ ಹಿಟ್ಟು ಕೂತು ಇರುವೆ ಓಡಾಡುತ್ತಿದ್ದವು.

ಐದನೇ ಭಾಗ ಎತ್ತ ಹೋಗಬಹುದು ಎಂಬುದು ಗೊತ್ತಾದರೆ ಧೈರ್ಯ ಬಂದೀತು ಎಂದು ಕಂಡಕಂಡವರನ್ನು ಕೇಳಿದೆ. ಸೀಡಿ ಅಂಗಡಿಯವನು ಗುಟ್ಟು ಹೇಳುವವನ ಹಾಗೆ ಬಗ್ಗಿ, "ಸಮುದ್ರ. ಪೂರಾ ಸಮುದ್ರಂತ. ಪುಣಾದವರು ಹೇಳ್ಯಾರ," ಎಂದ. ಪುಣೆಯವರಿಗೆ ಯಾರು ಹೇಳಿದರೆಂದು ಅವನು ಹೇಳಲಿಲ್ಲ. ಸಾಹುಕಾರರನ್ನೂ ಕೇಳಿದೆ. ಅವರು ಆಟವನ್ನು ಎರಡು ನಿಮಿಷ ನೋಡಿ, ಚೀಲದೊಳಗಿನ ಸಾಮಾನು ನೋಡಿ ಹೇಳಿದರು: "ಈ ಹುಡಿಗಿ ಯಾಕ್ ಸುಮ್ನ ತಿರಗ್ಯಾಡತಾಳೋ? ಇಷ್ಟ ಎಣ್ಣಿ ಐತಿ, ದಾರಿ ಬಾಜೂಕ ಒಂದ್ ಅಂಗಡಿ ಹಾಕಲಿ. ಕತ್ತಲ್ಯಾಗ ಯಾಂವ ಬ್ಯಾಡ ಅಂತಾನ?"

ಇದೇ ಹೊತ್ತಿಗೆ ಅವ್ವ ನನಗೆ ಹುಡುಗಿ ನೋಡುತ್ತಿದ್ದಳು. ಅದಕ್ಕೂ ಮೊದಲು ಎರಡು ಕಡೆ ಹೋಗಿ ಬಂದಿದ್ದೆ. ಮೊದಲನೆಯ ಮನೆಯಲ್ಲಿ, ಎಲ್ಲರೂ ನಗುತ್ತಾ ಕೂತಿದ್ದಾಗ, ಮೇಲಿನ ಪಂಖಾ ಅಲುಗಾಡುತ್ತಿದೆಯೆಂದೂ ಅದರ ಕೆಳಗೆ ಹಿರಿಯರು ಕೂರುವುದು ಬೇಡವೆಂದೂ ಹೇಳಿದ್ದೆ. ಎರಡನೆಯ ಮನೆಯಲ್ಲಿ ವಾಪಸಾಗಲು ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಹುಡುಗಿಯನ್ನೇ ಕೇಳಿದ್ದೆ. ಎರಡೂ ಕಡೆಯಿಂದ ಬಂದ ಉತ್ತರ ಒಂದೇ: ಹುಡುಗ ಒಳ್ಳೆಯವನು, ಭಾಳ ವಿಚಾರ ಮಾಡ್ತಾನ. ಮೂರನೆಯ ಮನೆ ಖಾನಾಪುರದ್ದು. ಬಸ್ಸಿನಲ್ಲಿ ಅವ್ವ ನನ್ನ ಮೊಣಕೈ ಹಿಡಿದು ಎಚ್ಚರಿಸಿದಳು: "ಇವತ್ತ ಏನೂ ಕೇಳಬ್ಯಾಡ. ಫೋಹೆ ಕೊಡ್ತಾರ, ತಿನ್ನು. ಚಹಾ ಕೊಡ್ತಾರ, ಕುಡಿ. ಮಾಳಗಿ ಕಡೆ ನೋಡಬ್ಯಾಡ."

ಹುಡುಗಿಯ ಅಪ್ಪ ಸಾಲೆಯ ಮಾಸ್ತರರು. ಅವಳ ಅವ್ವ ಘಾಟದ ಅಂಚಿನ ದನಗಾರರ ವಸ್ತಿಯಲ್ಲಿ ಹುಟ್ಟಿ ಬೆಳೆದವರು. ಕನ್ನಡ ಮಾತಾಡುತ್ತ ಮಾತಾಡುತ್ತ, ದಾರಿಯಲ್ಲಿ ಕಂಡವರ ಮನೆಗೆ ಹೊಕ್ಕು ಬರುವಷ್ಟು ಸಲೀಸಾಗಿ ಮರಾಠಿಗೆ ಹೋಗಿ ಬರುತ್ತಿದ್ದರು. ನಾನು ಫೋಹೆ ತಿಂದೆ. ಮೇಲೆ ಪಂಖಾ ಹೇಗಿದೆಯೋ ಎಂದು ಮಾಳಿಗೆಯ ಕಡೆ ನೋಡಲಿಲ್ಲ. ಆಮೇಲೆ ರೂಢಿಯಂತೆ ಮಾಸ್ತರರು, "ನೀವಿಬ್ರೂ ಪಡಸಾಲ್ಯಾಗ ಕುಂತು ಮಾತಾಡ್ರಿ," ಎಂದರು. ಪಡಸಾಲೆಯಲ್ಲಿ ನಾವಿಬ್ಬರು, ಮಾರು ದೂರದಲ್ಲಿ ಶೇಂಗಾ ಸುಲಿಯುತ್ತ ಹುಡುಗಿಯ ಅವ್ವ. ಶೇಂಗಾ ಚಟ್ ಚಟ್ ಎನ್ನುವುದು ನಿಂತಾಗಲೆಲ್ಲ ಅವರು ಕಿವಿ ಕೊಟ್ಟಿದ್ದಾರೆಂದು ತಿಳಿಯುತ್ತಿತ್ತು.

ಅವಳು ಊರಿನ ಟೈಪಿಂಗ್ ಕ್ಲಾಸಿನಲ್ಲಿ ಹೊಸದಾಗಿ ಬಂದ ಕಂಪ್ಯೂಟರ್ ಕಲಿಸುತ್ತಿದ್ದಳು. ಇನ್ನೇನು ಕೇಳುವುದೆಂದು ತಿಳಿಯದೆ, ಬಿಡುವಿನಲ್ಲಿ ಏನು ಮಾಡುತ್ತೀರಿ ಎಂದೆ.

"ಕ್ಲಾಸ್ ಮುಗದ ಮ್ಯಾಲೆ ಒಂದ್ ಆಟಾ ಆಡ್ತೀನ್ರಿ. ನಿಮಗ ಗೊತ್ತಿರಲಿಕ್ಕಿಲ್ಲ. ಒಬ್ಬ ಹುಡಿಗಿ ಕಂದೀಲ ಹಿಡಕೊಂಡು..."

ಬಾಯಲ್ಲಿದ್ದ ಚಹಾ ತಪ್ಪು ದಾರಿ ಹಿಡಿಯಿತು. ಕೆಮ್ಮಿ ಸುಧಾರಿಸಿಕೊಳ್ಳುವಷ್ಟರಲ್ಲಿ ಶೇಂಗಾದ ಸದ್ದು ನಿಂತಿತ್ತು.

"ಎಷ್ಟನೇ ಭಾಗದಾಗ ಅದೀರಿ?" ಎಂದೆ.

ಈಗ ಅವಳು ನನ್ನ ಮುಖವನ್ನು ಮೊದಲ ಬಾರಿ ಸರಿಯಾಗಿ ನೋಡಿದಳು. "ನಾಕನೇದು. ಹಿಮದ ಕೆರಿ ಮುಂದ ನಿಂತೇನ್ರಿ. ಎಣ್ಣಿ ಸಾಲವಲ್ದು, ಕೆರಿ ದಾಟಾಕ ಆಗವಲ್ದು. ನೀವು?"

"ನಂದು ಮುಗದಂಗs ಐತ್ರಿ."

"ಮುಗದಂಗs ಅಂದ್ರ? ಕಡೀ ಬಾಗಲಾ ದಾಟೀರೇನು?"

"ಬಾಗಲಾ ಮುಂದ ಅದೀನಿ."

"ಯಾವಾಗಿಂದ?"

"ಮಳಿ ಹಿಡಿಯೂಕಿಂತ ಮೊದ್ಲಿಂದ."

ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಡಾಕ್ಟರರು ನಾಲಿಗೆ ಚಾಚು ಎಂದು ನೋಡುವ ಹಾಗೆ ನೋಡಿದಳು. "ಹಂಗಾರ ಒಂದ್ ಮಾತ ಹೇಳ್ರಿ. ಐದನೇ ಭಾಗ ಎತ್ತಾಗ ಹೋಗಬೇಕಂತ ನಿಮಗ ಅನಸ್ತೈತಿ?"

ಯಾರಾದರೂ ನನ್ನನ್ನು ಈ ಪ್ರಶ್ನೆ ಕೇಳಲಿ ಎಂದು ತಿಂಗಳುಗಳಿಂದ ಕಾದಿದ್ದೆ. ಕೇಳಿದಾಗ ಬಾಯಿಂದ ಬಂದದ್ದು ಚೀಲದ ಮಾತು. ಮೊದಲು ಆ ಚೀಲ ಖಾಲಿಯಾಗುವುದನ್ನು ನಿಲ್ಲಿಸಬೇಕು, ಹಿಂದಿನ ಭಾಗದ ಸಾಮಾನು ಮುಂದಿನ ಭಾಗಕ್ಕೆ ಬರಬೇಕು, ಎಣ್ಣೆ ಕುಪ್ಪಿ ಒಡೆಯದಂತೆ ಒಂದು ಪೆಟ್ಟಿಗೆ ಕೊಡಬೇಕು, ದಂಡೆಯ ಮೇಲೆ ಎಚ್ಚರಾಗುವ ಬದಲು ಯಾವುದಾದರೂ ಬಾಗಿಲು ಕಿಟಕಿ ಭದ್ರವಿರುವ ಮನೆಯಲ್ಲಿ ಎಚ್ಚರಾಗಬೇಕು. ಹೇಳುತ್ತಾ ಹೋದೆ. ಅವಳು ಎಲ್ಲವನ್ನೂ ಕೇಳಿದಳು.

"ಅಂದ್ರ ನಾ ಎಲ್ಲಿ ಹೋಗಬೇಕು ಅಂತ ಕೇಳೀನಿ, ನೀವು ಏನ್ ಒಯ್ಯಬೇಕು ಅಂತ ಹೇಳಾಕ ಹತ್ತೀರಿ," ಎಂದಳು.

"ನಿಮಗ ಎತ್ತಾಗ ಹೋಗಬೇಕ್ರಿ?"

"ಹಿಂದಕ. ಆಕಿ ದಾಟಿ ಬಂದ ರಾಜ್ಯಾ ಎಲ್ಲಾ ಇನ್ನೊಮ್ಮೆ ನೋಡಬೇಕು. ಅಗಸಿ ಬಾಗಲ್ದಾಗ ಇಟ್ಟ ಬಂದಿದ್ದು ಯಾರ್ ತಗೊಂಡ್ರು, ಅವರಿಗೇನರೆ ಉಪೇಗ ಆತೋ ಇಲ್ಲೋ, ನೋಡಬೇಕು."

ಅಗಸೆ ಬಾಗಿಲಲ್ಲಿ ಇಟ್ಟು ಬಂದದ್ದು? ಆ ಆಟದಲ್ಲಿ ಎಲ್ಲೂ ಏನನ್ನೂ ಇಟ್ಟು ಬರುವ ಪ್ರಸಂಗವಿಲ್ಲ. ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಮಾಸ್ತರರು ಕರೆದರು.

ಹೊರಡುವಾಗ ಅವಳು ಅವಳಪ್ಪನಿಗೆ ಎಲ್ಲರೆದುರೇ ಹೇಳಿದಳು: "ಅಪ್ಪಾ, ಬೆಳಗಾವಿಗೆ ಮನಿ ನೋಡಾಕ ನೀವು ಹೋಗೂ ಮುಂದ ನಾನೂ ಬರ್ತೀನಿ. ಆಮ್ಯಾಲೆ ಹೂಂ, ಊಂಹೂಂ ಹೇಳ್ತೀನಿ." ವರನ ಮನೆ ನೋಡಲು ಹಿರಿಯರು ಬರುವುದು ರೂಢಿ, ಹುಡುಗಿಯೇ ಬರುವುದು ಇಲ್ಲ. ಮಾಸ್ತರರು ನಮ್ಮ ಅವ್ವನ ಕಡೆ ನೋಡಿದರು. ಅವ್ವ, "ಬರ್ಲ್ಯಾಕರಿ, ಆಕೀನs ಇರಾಕಿ," ಎಂದಳು. ನಂತರ ಹುಡುಗಿ ನನಗೆ ಮಾತ್ರ ಕೇಳುವ ಹಾಗೆ, "ಅಷ್ಟೊತ್ತಿಗೆ ದಾಟಿರ್ರಿ," ಎಂದಳು.

ವಾಪಸು ಬಸ್ಸಿನಲ್ಲಿ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನನಗೆ ಈ ಹುಡುಗಿಯೇ ಬೇಕಾಗಿತ್ತು. ಇದು ಹೊಸ ಚಿಂತೆ. ಅದುವರೆಗೆ ಮದುವೆ ಆದರೆ ಏನು ಗತಿ ಎಂದು ಚಿಂತೆ ಮಾಡುತ್ತಿದ್ದವನು ಈಗ ಆಗದಿದ್ದರೆ ಏನು ಗತಿ ಎಂದು ಶುರುಮಾಡಿದೆ.

ದಾಟುವುದು ಅಷ್ಟು ಸುಲಭವಿದ್ದರೆ ಎಂದೋ ದಾಟುತ್ತಿದ್ದೆ. ದಸರೆಯವರೆಗೆ ದಿನಾ ಮಧ್ಯಾಹ್ನ ಹೋಗಿ ನಿಂತೆ. ಬೆರಳು ವೈ ಗುಂಡಿಯ ಮೇಲೆ ಇಟ್ಟು, ಇರುವೆ ಹತ್ತಿತೆಂದು ತೆಗೆದೆ. ದಾಟಿದ ಮೇಲೆ ಚೀಲ ಖಾಲಿಯಾದರೆ? ದಾಟಿದ್ದು ತಪ್ಪಾಗಿ, ಅದನ್ನು ಅವಳಿಗೆ ಹೇಳಬೇಕಾಗಿ ಬಂದರೆ? ಸುಳ್ಳು ಹೇಳಿಬಿಡೋಣವೇ ಎಂಬ ಯೋಚನೆಯೂ ಬಂತು. ಆದರೆ ಬಾಗಿಲ ಆಚೆ ಏನಿದೆ ಎಂದು ಅವಳು ಕೇಳಿಯೇ ಕೇಳುತ್ತಾಳೆ. ಸುಳ್ಳು ಹೇಳುವುದಕ್ಕೂ ಆಚೆ ಏನಿದೆಯೆಂದು ಗೊತ್ತಿರಬೇಕಲ್ಲ!

ದೀಪಾವಳಿ ಇನ್ನೂ ಮುಂದಿದ್ದಾಗ ಒಂದು ದಿನ ಅವರು ಬಂದರು, ಮಾಸ್ತರರು, ಅವಳ ಅವ್ವ, ಅವಳು. ಶಿವಬಸವ ನಗರದ ನಮ್ಮ ಮನೆಯ ಗೋಡೆಯನ್ನು ಮಾಸ್ತರರು ಬೆರಳಿನಿಂದ ತಟ್ಟಿ ನೋಡಿದರು. ಅವಳ ಅವ್ವ ನಲ್ಲಿ ತಿರುವಿ, ನೀರು ಬರುವುದನ್ನು ನೋಡಿ, ಮತ್ತೆ ತಿರುವಿದರು. ಅವಳು ಯಾವುದನ್ನೂ ಮುಟ್ಟಲಿಲ್ಲ. ಊಟವಾದ ಮೇಲೆ, "ಅಂಗಡಿ ನೋಡೂಣೇನ್ರಿ?" ಎಂದಳು. ಕೈಚೀಲದಿಂದ ಒಂದು ಫ್ಲಾಪಿ ತೆಗೆದು ತೋರಿಸಿದಳು. ಅದರಲ್ಲಿ ಅವಳ ಆಟ ಎಲ್ಲಿಗೆ ನಿಂತಿತ್ತೋ ಅಷ್ಟೂ ಇತ್ತು.

ಎರಡು ರಿಕ್ಷಾ ಮಾಡಿಕೊಂಡು ಎಲ್ಲರೂ ರವಿವಾರ ಪೇಟೆಗೆ ಬಂದೆವು. ಶಟರು ಅರ್ಧ ಇಳಿದಿತ್ತು, ಸಾಹುಕಾರರ ಗೊರಕೆ ಅಟ್ಟದಿಂದ ಕೆಳಗಿಳಿಯುತ್ತಿತ್ತು. ಬಗ್ಗಿ ಒಳಗೆ ಬಂದು, ಬೆಲ್ಲದ ಪೆಂಟೆಗಳ ನಡುವೆ ಒಂದು ಸ್ಟೂಲು, ಎರಡು ಡಬ್ಬಿ, ಒಂದು ಮಗುಚಿದ ಬುಟ್ಟಿ ಹಾಕಿಕೊಂಡು ನಾಲ್ವರೂ ಕೂತರು. ಸಿನಿಮಾ ನೋಡಲು ಬಂದವರ ಹಾಗಿತ್ತು. ಅವಳೇ ಫ್ಲಾಪಿ ಹಾಕಿದಳು. ಅದು ಕಟ ಕಟ ಎಂದು ಬಹಳ ಹೊತ್ತು ಹಲ್ಲು ಕಡಿದು, ಕೊನೆಗೆ ಹಿಮದ ಕೆರೆ ಮೂಡಿತು. ದಂಡೆಯಲ್ಲಿ ಆ ಹುಡುಗಿ, ಕಂದೀಲಿನಲ್ಲಿ ಸಣ್ಣ ಮಿಣುಕು.

ನಾನು ಅವಳ ಆಟದ ಚೀಲ ತೆಗೆದು ನೋಡಿದೆ. ಒಂದು ಬೀಗದ ಕೈ, ಎರಡು ಬೇರು, ಅಷ್ಟೇ.

"ನಿಮ್ಮ ಎಣ್ಣಿ ಎಲ್ಲಿ ಹೋತ್ರಿ?"

"ಅಗಸ್ಯಾಗ ಇಟ್ಟೀನ್ರಿ. ಒಂದೊಂದ್ ಅಗಸ್ಯಾಗ ಒಂದೊಂದು."

"ಯಾಕ್ರಿ? ಯಾರ್ ಇಡು ಅಂದ್ರು?"

ಉತ್ತರ ಕೊಟ್ಟದ್ದು ಅವಳ ಅವ್ವ, ಡಬ್ಬಿಯ ಮೇಲೆ ಕೂತಲ್ಲಿಂದ. "ಹಂಗs ಒಳಗ ಹೋಗೂದೇನ್ರಿ? ನಮ್ಮ ಕಡೆ ಅಡವಿ ಹೊಗೂ ಮುಂದ ಒಂದ್ ಕಲ್ಲ ಇರ್ತೈತಿ, ಗಿಡದ ಬುಡಕ. ಎಲಿ ಸಮೇತ ಹಸರ ತಪ್ಪಲಾ ಮುರದು ಅದರ ಮ್ಯಾಲೆ ಹಾಕಿ ಮುಂದಕ ಹೋಗಬೇಕು. ದನಾ ಕಾಯಾಂವಾ ಹಾಕ್ತಾನ, ಲಗ್ನಕ್ಕ ಹೊಂಟಾವರೂ ಹಾಕ್ತಾರ, ಫಾರೆಸ್ಟ್ ಸಾಹೇಬ್ರೂ ಜೀಪ್ ನಿಲ್ಲಸಿ ಹಾಕ್ತಾರ. ಈಕಿ ಸಣ್ಣಾಕಿ ಇದ್ದಾಗ ನನ್ನ ತವರಮನಿಗೆ ಹೋಗೂ ಮುಂದ ಹಾಕಿದ್ದs ಹಾಕಿದ್ದು. ನಿಮ್ಮಜ್ಜನೂ ಹಾಕಿರಬೇಕಲ್ಲ, ಕುರಿ ಕಾಯ್ದವರಂತ?"

ಹಾಕಿರಬೇಕು. ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಮ್ಮ ಅವ್ವ ಮಾತ್ರ ಬುಟ್ಟಿಯ ಮೇಲಿಂದ ತಲೆಯಾಡಿಸಿದಳು.

ಆ ಆಟದಲ್ಲಿ ಸಾಮಾನು ಕೆಳಗಿಡುವ ಒಂದು ಗುಂಡಿ ಇದೆಯೆಂಬುದೇ ನನಗೆ ಮರೆತಿತ್ತು. ಇವಳು ಪ್ರತಿ ಅಗಸೆಗೂ ಅದನ್ನು ಒತ್ತಿಕೊಂಡು ಬಂದಿದ್ದಳು. ಆಟದಲ್ಲಿ ತಪ್ಪಲು ಸಿಗುವುದಿಲ್ಲ, ಇದ್ದುದರಲ್ಲಿ ಹಸಿಯಾದದ್ದು ಎಣ್ಣೆ ಎಂದು ಎಣ್ಣೆ ಇಟ್ಟಿದ್ದಳು. ಮೊದಲ ಮೂರು ಭಾಗಗಳಲ್ಲಿ ಎಣ್ಣೆ ಧಾರಾಳ, ನಡೆದುಹೋಯಿತು. ನಾಲ್ಕನೆಯದರಲ್ಲಿ ಆಟ ಮಾಡಿದವರು ಕೈ ಬಿಗಿ ಹಿಡಿದಿದ್ದರು.

"ಅದಕ್ಕs ಕೆರಿ ದಾಟಾಕ ಆಗವಲ್ದು ನೋಡ್ರಿ," ಎಂದು ನಾನು ದೊಡ್ಡ ಶೋಧ ಮಾಡಿದವನ ಹಾಗೆ ಹೇಳಿದೆ. "ಒಂದೊಂದ್ ಕುಪ್ಪಿ ಅಂದ್ರೂ ಎಲ್ಲಾ ಕೂಡಿ..."

"ಗೊತ್ತೈತ್ರಿ," ಎಂದಳು. "ಒಮ್ಮೆ ಇಡದs ಹೋಗಿ ನೋಡೀನಿ. ಒಳಗ ಹೋದ ಮ್ಯಾಲೆ ಏನ್ ಕಂಡ್ರೂ ಛಂದ ಅನಸಲಿಲ್ಲ. ತಿರಗಿ ಬಂದು ಇಟ್ಟು ಹ್ವಾದೆ."

ಆಮೇಲೆ ನನ್ನ ಸರದಿ. ನನ್ನ ಆಟ ತೆರೆದು ಚೀಲ ತೋರಿಸಿದೆ. ಸಾಲು ಸಾಲು ಕುಪ್ಪಿಗಳು, ಪರದೆ ಕೆಳಗಿಳಿಸಿದಷ್ಟೂ ಕುಪ್ಪಿಗಳು. ಮಾಸ್ತರರು ಕನ್ನಡಕ ಸರಿಮಾಡಿಕೊಂಡರು. ಗೋಡೆ ತಟ್ಟಿದಾಗ ಇಲ್ಲದ ಸಮಾಧಾನ ಅವರ ಮುಖದಲ್ಲಿ ಈಗ ಕಾಣಿಸಿತು. "ಭಾರೀ ಜೋಪಾನ ಮಾಡ್ಯಾರ ಬಿಡ್ರಿ," ಎಂದು ನಮ್ಮ ಅವ್ವನಿಗೆ ಹೇಳಿದರು. ನಾನು ಉಬ್ಬಿದೆ.

"ಇದೆಲ್ಲಾ ಯಾವಾಗ ವಾಪರಸ್ತೀರಿ, ಯಾವಾಗ ಖರ್ಚ ಮಾಡ್ತೀರಿ?" ಎಂದು ಅವಳ ಅವ್ವ ಕೇಳಿದರು.

"ಅಡಚಣಿ ಬಂದಾಗ್ರಿ."

"ಕಡೀ ಬಾಗಲಕ್ಕ ಬಂದು ನಿಂತೀರಿ. ಇನ್ಯಾವ ಅಡಚಣಿ ಬರೂದೈತಿ? ಬಂದಿದ್ದೆಲ್ಲಾ ಬಂದು ಹೋಗಿರಬೇಕಲ್ಲ."

ಮಗಳು ಅಷ್ಟು ಹೊತ್ತು ಪರದೆ ನೋಡುತ್ತಿದ್ದವಳು ಕೀಬೋರ್ಡು ನೋಡಿದಳು. ಎನ್ ಗುಂಡಿಯ ಮೇಲೆ ಅಕ್ಷರ ಇಲ್ಲದ್ದನ್ನೂ ವೈ ಗುಂಡಿಯ ಸುತ್ತಲಿನ ಇರುವೆಗಳನ್ನೂ ನೋಡಿದಳು. ಸೆರಗಿನ ತುದಿಯಿಂದ ವೈ ಗುಂಡಿಯನ್ನು ಒರೆಸಿದಳು. ಅದೊಂದು ಸಣ್ಣ ಕೆಲಸ. ಆದರೆ ನನಗೆ ಅದರ ಅರ್ಥ ಪೂರ್ತಿ ತಿಳಿಯಿತು. ಪರದೆಯ ಬಾಗಿಲನ್ನೇ ದಾಟಲಾರದವನ ಮನೆಯ ಬಾಗಿಲಿಗೆ ಅವಳು ಬರುವವಳಲ್ಲ.

"ಒತ್ತತೀನಿ," ಎಂದೆ. ಒತ್ತಲಿಲ್ಲ.

"ಮೊದ್ಲ ಏನರೆ ಇಡ್ರಿ," ಎಂದಳು. "ಬರಗೈಲೆ ಹೋಗಬ್ಯಾಡ್ರಿ."

ಇಡುವ ಗುಂಡಿ ಯಾವುದೆಂದು ಅವಳು ತೋರಿಸಿದಳು. ನಾನು ಚೀಲವನ್ನೆಲ್ಲ ಹುಡುಕಿ, ತಳದಲ್ಲಿದ್ದ ಒಂದು ಸುಟ್ಟ ಬತ್ತಿಯನ್ನು ಆರಿಸಿದೆ. ಅದು ಯಾತಕ್ಕೂ ಬಾರದ್ದು, ಅದನ್ನೂ ಯಾಕೆ ಇಟ್ಟುಕೊಂಡಿದ್ದೆನೋ.

ಹಿಂದಿನಿಂದ ಅವಳ ಅವ್ವನ ದನಿ: "ಅಗ ಬಾಯಿ! ಒಣಾ ತಪ್ಪಲಾ ಹಾಕತಾರೇನ್ರಿ ಯಾರರೆ? ಹಸರ ಹಾಕ್ರಿ, ಹಸರ."

ನಮ್ಮ ಅವ್ವ ನಕ್ಕಳು. ಸಂಬಂಧ ಕುದುರುವ ಮೊದಲೇ ಬೀಗಿತ್ತಿಯ ಕಡೆ ಸೇರಿಕೊಂಡಿದ್ದಳು. ನಾನು ಬತ್ತಿಯನ್ನು ಬಿಟ್ಟು, ಒಂದು ತುಂಬಿದ ಕುಪ್ಪಿ ಆರಿಸಿ, ಕಣ್ಣು ಕಿರಿದು ಮಾಡಿ ಒತ್ತಿದೆ. ಹಿಮದ ಮೇಲೆ ಕುಪ್ಪಿ ಕೂತಿತು. ಒಂದು ಪುಟ್ಟ ಹಳದಿ ಬೆಳಕು. ಅಲ್ಲಿಯವರೆಗೆ ಚೀಲದೊಳಗೆ ಹೆಸರಾಗಿ ಮಾತ್ರ ಕಂಡಿದ್ದ ವಸ್ತು ಹೊರಗೆ ಇಷ್ಟು ಬೆಳಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಬಾಗಿಲ ಮೇಲೆ ಕೆತ್ತಿದ ಬಳ್ಳಿಗಳು, ಹಕ್ಕಿಗಳು ಆ ಬೆಳಕಿನಲ್ಲಿ ಕಂಡವು. ಮಳೆಗಾಲವಿಡೀ ಅದರ ಮುಂದೆ ನಿಂತವನಿಗೆ ಆ ಹಕ್ಕಿಗಳು ಕಂಡಿರಲಿಲ್ಲ. ಎಣ್ಣೆ ಉಳಿಸಲೆಂದು ಕಂದೀಲನ್ನು ಸಣ್ಣ ಮಾಡಿಯೇ ಇಟ್ಟಿದ್ದೆನಲ್ಲ.

ಅಷ್ಟರಲ್ಲಿ ಗೊರಕೆ ನಿಂತು ಮೆಟ್ಟಿಲು ಕಿರುಗುಟ್ಟಿತು. ಸಾಹುಕಾರರು ಕಣ್ಣುಜ್ಜುತ್ತ ಇಳಿದು ಬಂದವರು, ಪೆಂಟೆಗಳ ನಡುವೆ ಒಂದು ಕುಟುಂಬವೇ ಕೂತದ್ದನ್ನು ನೋಡಿ, "ಬರ್ರಿ ಬರ್ರಿ, ಎಷ್ಟ್ ಪೆಂಟಿ ಬೇಕಾಗಿತ್ರಿ?" ಎಂದರು.

"ತಡೀರಿ, ಬಾಗಲಾ ದಾಟಾಕ ಹತ್ಯಾರ," ಎಂದರು ಮಾಸ್ತರರು, ತಿರುಗಿ ನೋಡದೆ.

ಸಾಹುಕಾರರು ನಿಂತಲ್ಲೇ ನಿಂತರು. ನಾನು ವೈ ಒತ್ತಿದೆ.

ಬಾಗಿಲು ತೆರೆಯಿತು. ಪರದೆ ಬೆಳ್ಳಗಾಯಿತು. ಬಿಳುಪು ಕರಗಿ ಒಂದು ದಂಡೆ ಕಂಡಿತು, ಹಗಲಿನ ದಂಡೆ. ಹುಡುಗಿ ಎದ್ದು ನಿಂತಳು. ಹಗಲಾದ್ದರಿಂದ ಕಂದೀಲು ಆರಿತ್ತು. ಮುಂದಿನ ಭಾಗದಲ್ಲಿ ಭೇಟಿ ಎಂಬಂಥ ಬರಹ. ನಾನು ಗಾಬರಿಯಲ್ಲಿ ಚೀಲದ ಗುಂಡಿ ಒತ್ತಿದೆ. ಖಾಲಿ.

"ಹೋತು," ಎಂದೆ. "ಎಲ್ಲಾ ಹೋತು!"

ಮಾಸ್ತರರು ಲೊಚಗುಟ್ಟಿದರು. ಸಾಹುಕಾರರು, "ನಾ ಹೇಳಿದ್ದೆನೋ, ಅಂಗಡಿ ಹಾಕಬೇಕಾಗಿತ್ತು," ಎಂದರು. ಅವಳು ಮಾತ್ರ ನಕ್ಕಳು, ಖಾನಾಪುರದಲ್ಲಿ ಬಾಕಿ ಇಟ್ಟಿದ್ದ ನಗೆಯನ್ನೂ ಸೇರಿಸಿ. ನಗು ನಿಂತ ಮೇಲೆ ಕೇಳಿದಳು: "ಈಗ ಹೇಳ್ರಿ. ಐದನೇ ಭಾಗ ಎತ್ತಾಗ ಹೋಗಬೇಕು?"

ನಾನು ಚೀಲವನ್ನು ಮರೆತೆ ಎಂದರೆ ಸುಳ್ಳು. ಆದರೆ ಆಗ ತಲೆಯಲ್ಲಿದ್ದದ್ದು ಬೇರೆ. "ಆ ಬಾಗಲಾ ಹೊರಗ ಒಂದ್ ಕುಪ್ಪಿ ಉರಿಯಾಕ ಹತ್ತಿತ್ತಲ್ರಿ," ಎಂದೆ. "ಅದೀಗ ಯಾರ ಕಣ್ಣಿಗೆ ಬಿದ್ದಿರ್ತೈತಿ? ಯಾರೋ ಬರ್ತಿರಬೇಕಲ್ಲ ಹಿಂದ. ಅವರಿಂದ ಶುರು ಆಗ್ಲಿ."

ಅವಳ ಅವ್ವ, "ಆ ಹುಡಿಗಿ ಒಮ್ಮ್ಯರೆ ಮನೀಗೆ ಹೋಗಿ ಊಟಾ ಮಾಡಿ ಬರ್ಲಿ, ಆಮ್ಯಾಲೆ ಎತ್ತಾಗರೆ ಹೋಗವಲ್ಲಳ್ಯಾಕ," ಎಂದು ಡಬ್ಬಿಯಿಂದ ಎದ್ದರು.

ಐದನೇ ಭಾಗ ಕೆಲವು ವರ್ಷಗಳ ಮೇಲೆ ಬಂತು. ಪೂರಾ ಸಮುದ್ರ. ಪುಣೆಯವರು ಹೇಳಿದ್ದು ನಿಜವಾಯಿತು, ನಮ್ಮದು ಯಾವುದೂ ಆಗಲಿಲ್ಲ. ಕಂದೀಲನ್ನೂ ತೆಗೆದುಹಾಕಿ ಹುಡುಗಿಯ ಕೈಗೆ ಎಂಥದೋ ಹೊಳೆಯುವ ಕಲ್ಲು ಕೊಟ್ಟಿದ್ದರು, ಅದಕ್ಕೆ ಎಣ್ಣೆಯೇ ಬೇಡ. ಎಣ್ಣೆ ಬೇಡದ ಬೆಳಕಿನ ಮೇಲೆ ಎಂಥ ಚಿಂತೆ ಮಾಡುವುದು? ಆಮೇಲೂ ಭಾಗಗಳು ಬರುತ್ತಲೇ ಇವೆ. ಪ್ರತಿ ಸಲವೂ ನಾವಿಬ್ಬರೂ ಮುಂದಿನದು ಎತ್ತ ಹೋಗಬೇಕೆಂದು ಚಹಾ ಆರುವವರೆಗೆ ವಾದ ಮಾಡುತ್ತೇವೆ. ಹಿಂದಕ್ಕೆ ಎನ್ನುತ್ತಾಳೆ ಅವಳು ಇವತ್ತಿಗೂ. ನಾನು ಇವತ್ತಿಗೂ ಮೊದಲು ಚೀಲದ ಮಾತೆತ್ತಿ, ಅವಳು ಹುಬ್ಬು ಹಾರಿಸಿದ ಮೇಲೆ, ಆ ಕುಪ್ಪಿಯ ಮಾತಿಗೆ ಬರುತ್ತೇನೆ.

ನಾವಿಬ್ಬರೂ ಎಂದು ಬರೆದು ಕಥೆಯ ಕೊನೆಯನ್ನು ಬಿಟ್ಟುಕೊಟ್ಟೆನೋ ಏನೋ. ಆದರೆ ಆ ದಿನ ನನಗೆ ಅದು ಗೊತ್ತಿರಲಿಲ್ಲ. ಸಾಹುಕಾರರು ಮಾಸ್ತರರ ಕೈಗೆ ಒಂದು ಅಚ್ಚು ಬೆಲ್ಲ ಇಟ್ಟು ಕಳಿಸಿದರು. ಎಲ್ಲರೂ ಬಗ್ಗಿ ಶಟರಿನ ಕೆಳಗಿನಿಂದ ಹೊರಗೆ ಬಂದೆವು. ರಿಕ್ಷಾ ಬಂತು. ಹಿರಿಯರು ಹತ್ತಿದರು. ಅವಳಿನ್ನೂ ಹೂಂ ಅಂದಿರಲಿಲ್ಲ, ಊಂಹೂಂ ಅಂದಿರಲಿಲ್ಲ. ನನಗೆ ನೆನಪಾಯಿತು: ಅವಳ ಫ್ಲಾಪಿ ಇನ್ನೂ ಕಂಪ್ಯೂಟರಿನಲ್ಲೇ ಇತ್ತು. ಓಡಿ ಹೋಗಿ ತಂದು ಕೊಡಲು ಹೋದೆ.

ಅವಳು ಕೈ ಚಾಚಲಿಲ್ಲ. ಅಂಗಡಿಯ ಹೊಸ್ತಿಲ ಕಡೆ ಒಮ್ಮೆ ನೋಡಿದಳು.

"ಇಲ್ಲೇ ಇರ್ಲಿ ಅದು," ಎಂದಳು.

"ನಿಮ್ಮ ಕೆರಿ ದಾಟಿಸಿ ಇಡ್ಲೇನ್ರಿ? ದಾರಿ ನನಗ ಗೊತ್ತೈತಿ."

"ಬ್ಯಾಡ. ನೀವು ದಾಟಸಬ್ಯಾಡ್ರಿ." ರಿಕ್ಷಾ ಹತ್ತಿ ಕೂತು ಸೀರೆಯ ನೆರಿಗೆ ಒಳಗೆಳೆದುಕೊಂಡಳು. "ನಾ ಬಂದು ದಾಟ್ತೀನಿ."

ರಿಕ್ಷಾ ಹೋಯಿತು. ನಮ್ಮ ಅವ್ವ ನನ್ನ ಬೆನ್ನ ಮೇಲೆ ಒಂದು ಗುದ್ದು ಹಾಕಿದಳು. ನಾನು ಫ್ಲಾಪಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆ, ಬೆಳಗಾವಿಯ ಥಂಡಿಗೆ ಇದಕ್ಕೆ ಬೂಸುರು ಹಿಡಿದರೆ ಏನು ಗತಿ ಎಂದು ಯೋಚಿಸುತ್ತ.